ಪರಸಿಯೊಳಗೆ ಶಂಖ ಯಾಕಿಲ್ಲ?

ಓದುಗರ ಪ್ರಶ್ನೆ – ಬಲ್ಲವರ ಉತ್ತರ

ಕಡಲ ಪಳೆಯುಳಿಕೆಗಳನ್ನು ಕೂಡಿಡುವುದು, ಶಾಲೆಯ ಮಕ್ಕಳಿಗೆ ತೋರಿಸುವುದು ಹೇಗೆಂದು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಿಗೆ ಈ ಸಲ ಜಾಗ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ಶಾಲೆಯ ವರಾಂಡಕ್ಕೆ ಹಾಸಿದ ಶಹಾಬಾದ್ ಪರಸಿಯ ಮೇಲೆ ಜರಿಗಿಡದ ಎಲೆಯಂಥ ಕಪ್ಪು ಗುರುತುಗಳಿವೆ. ಸುಣ್ಣದ ಕಲ್ಲು ಸಮುದ್ರದಲ್ಲಿ ಚಿಪ್ಪುಗಳಿಂದ ಆದದ್ದು ಎಂದು ಪಾಠ ಮಾಡುತ್ತೇವೆ. ಹಾಗಾದರೆ ಇವು ಕಡಲ ಗಿಡಗಳೇ? ಹುಡುಕಿದರೆ ಶಂಖ, ಮೀನು ಸಿಗಬಹುದೇ?
– ವಿಜ್ಞಾನ ಶಿಕ್ಷಕಿ, ಚಿತ್ತಾಪುರ ತಾಲ್ಲೂಕು

ಉತ್ತರ: ಗಿಡವಲ್ಲ. ಕಲ್ಲಿನ ಪದರುಗಳ ಸಂದಿಯಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳು ಕವಲೊಡೆದು ಬೆಳೆದಿವೆ. ಇದಕ್ಕೆ ಡೆಂಡ್ರೈಟ್ ಎಂದು ಹೆಸರು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿ: ಎಲೆಗಿರುವ ನಡುನರ, ಅಂಚು ಯಾವುದೂ ಇರುವುದಿಲ್ಲ. ಗುರುತು ಯಾವಾಗಲೂ ಒಂದು ಬಿರುಕಿನಿಂದಲೋ ಪರಸಿಯ ಅಂಚಿನಿಂದಲೋ ಒಳಮುಖವಾಗಿ ಹರಡಿರುತ್ತದೆ. ಪದರನ್ನು ಅಡ್ಡ ಸೀಳಿದ ಬಿರುಕಿನ ಮೈಮೇಲೂ ಅದೇ ಚಿತ್ತಾರ ಕಂಡರೆ ಅನುಮಾನವೇ ಬೇಡ. ಎಲೆ ಕೆಸರಿನ ಮೇಲೆ ಮಲಗಬಲ್ಲದು, ಆಮೇಲೆ ಮೂಡಿದ ಬಿರುಕಿನೊಳಗೆ ನಿಲ್ಲಲಾರದು. ಕೆಲವು ಪರಸಿಗಳಲ್ಲಿ ಕಾಣುವ ಅಂಕುಡೊಂಕಾದ ಸಣ್ಣ ಕಪ್ಪು ಗೆರೆಯೂ ಹುಳು ಹರಿದ ದಾರಿಯಲ್ಲ. ಮೇಲಿನ ಭಾರಕ್ಕೆ ಸುಣ್ಣ ಕರಗಿ, ಕರಗದ ಜೇಡಿ ಉಳಿದ ಗೆರೆ ಅದು, ಸ್ಟೈಲೊಲೈಟ್.

ಶಂಖ, ಮೀನು ಸಿಗುವುದಿಲ್ಲ. ಕಾರಣ ಮಾತ್ರ ಮಕ್ಕಳಿಗೆ ಹೇಳಲೇಬೇಕಾದದ್ದು. ಶಹಾಬಾದ್, ವಾಡಿ, ಸೇಡಂ ಸುತ್ತಲಿನ ಸುಣ್ಣದ ಕಲ್ಲು ಭೀಮಾ ಶಿಲಾಸಮೂಹಕ್ಕೆ ಸೇರಿದ್ದು. ಚಿಪ್ಪು ಹೊತ್ತ ಪ್ರಾಣಿಗಳು ಹೇರಳವಾದದ್ದು ಸುಮಾರು 54 ಕೋಟಿ ವರ್ಷಗಳ ಈಚೆಗೆ. ಈ ಕಲ್ಲು ಅದಕ್ಕೂ ಮೊದಲೇ ಕಡಲ ತಳದಲ್ಲಿ ಕೂತಿತ್ತು. ಇಲ್ಲಿನ ಸುಣ್ಣ ಚಿಪ್ಪಿನ ಪುಡಿಯಲ್ಲ. ನೀರಿನಿಂದ ಬೇರ್ಪಟ್ಟು ತಳಕ್ಕಿಳಿದ ನುಣ್ಣನೆಯ ಸುಣ್ಣದ ಕೆಸರು. ಅದಕ್ಕೇ ಪರಸಿ ಅಷ್ಟು ಸಮನಾಗಿ ಸೀಳುತ್ತದೆ. "ಸುಣ್ಣದ ಕಲ್ಲೆಂದರೆ ಚಿಪ್ಪು" ಎಂಬ ಪಾಠ ಎಷ್ಟೋ ಕಡೆಯ ಕಲ್ಲಿಗೆ ಸರಿ, ನಿಮ್ಮ ವರಾಂಡಕ್ಕೆ ಸರಿಯಲ್ಲ.

ಹಾಗೆಂದು ಈ ಶಿಲೆಗಳಲ್ಲಿ ಜೀವದ ಕುರುಹೇ ಇಲ್ಲವೆಂದಲ್ಲ. ಇದೇ ಸಮೂಹದ ಹಲಕಲ್ ಜೇಡಿಪದರಿನಲ್ಲಿ ಇಂಗಾಲದ ಪುಟ್ಟ ಕಪ್ಪು ಬಿಲ್ಲೆಗಳು ವರದಿಯಾಗಿವೆ. ಚುವಾರಿಯ ಎಂಬ ಈ ಬಿಲ್ಲೆಗಳ ಅಗಲ ಕೆಲವೇ ಮಿಲಿಮೀಟರ್. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಲ್ಲುಗಳಿಂದ 1899ರಲ್ಲಿ ಭೂವಿಜ್ಞಾನಿ ವಾಲ್ಕಾಟ್ ಇದಕ್ಕೆ ಹೆಸರಿಟ್ಟ. ಪಾಚಿಯಂಥ ಜೀವಿಯದೆಂದು ಹಲವರ ಎಣಿಕೆ. ಮಕ್ಕಳ ಕೈಗೆ ಇದು ಸುಲಭಕ್ಕೆ ಸಿಗುವಂಥದ್ದಲ್ಲ. ಅದರ ಬದಲು ಪದರುಗಲ್ಲುಗಳ ಮೇಲೆ ಅಲೆಗುರುತು, ಒಣಗಿದ ಕೆಸರಿನ ಬಿರುಕು ಹುಡುಕಿಸಿ. ಮಟಮಟ ಮಧ್ಯಾಹ್ನ ಇವು ಕಾಣುವುದಿಲ್ಲ. ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ, ಇಲ್ಲವೆ ಕೋಣೆ ಕತ್ತಲು ಮಾಡಿ ಟಾರ್ಚನ್ನು ಕಲ್ಲಿನ ಮಟ್ಟಕ್ಕೆ ಇಳಿಸಿ ಅಡ್ಡ ಬೆಳಕು ಬಿಡಿ. ನಡೆಯುತ್ತಿರುವ ಖಣಿಗಳಿಗೆ ಮಕ್ಕಳನ್ನು ಕರೆದೊಯ್ಯುವುದು ಬೇಡ. ಪರಸಿ ಕತ್ತರಿಸುವ ಕಡೆ ಹೊರಗೆ ಒಟ್ಟಿದ ಚೂರುಗಳಲ್ಲೇ, ಮಾಲೀಕರನ್ನು ಕೇಳಿ, ಬೇಕಾದಷ್ಟು ಆರಿಸಬಹುದು.

ಪ್ರಶ್ನೆ: ಹಾಗಾದರೆ ಶಾಲೆಗೆ ನಿಜವಾದ ಕಡಲ ಪಳೆಯುಳಿಕೆ ಎಲ್ಲಿಂದ ತರಬೇಕು? ಆನ್‌ಲೈನಲ್ಲಿ ಕೊಳ್ಳಬಹುದೇ?
– ಹವ್ಯಾಸಿ, ಕಲಬುರಗಿ

ಉತ್ತರ: ದಕ್ಷಿಣ ಭಾರತದಲ್ಲಿ ಅದಕ್ಕೆ ಹೆಸರಾದದ್ದು ತಮಿಳುನಾಡಿನ ಅರಿಯಲೂರು–ತಿರುಚ್ಚಿ ಸೀಮೆ. ಡೈನೋಸಾರ್‌ಗಳ ಕೊನೆಯ ಯುಗವಾದ ಕ್ರಿಟೇಷಿಯಸ್ ಕಾಲದ ಕಡಲ ಪದರುಗಳು ಅಲ್ಲಿ ನೆಲದ ಮೇಲೇ ತೆರೆದಿವೆ: ಸಿಂಪಿ ಜಾತಿಯ ದಪ್ಪ ಚಿಪ್ಪುಗಳು, ಅಮೊನೈಟ್ (ಈಗ ಅಳಿದುಹೋದ, ಸುರುಳಿ ಚಿಪ್ಪಿನ ಕಡಲ ಪ್ರಾಣಿ), ಕಾರೈ ಕಡೆ ಬೆರಳುದ್ದದ ಬೆಲೆಮ್ನೈಟ್ (ಸ್ಕ್ವಿಡ್ಡಿನ ಅಳಿದ ನೆಂಟನ ಒಳಚಿಪ್ಪು). 19ನೇ ಶತಮಾನದ ಭೂವಿಜ್ಞಾನಿಗಳಲ್ಲಿ ಬ್ಲ್ಯಾನ್‌ಫರ್ಡ್ ಪದರುಗಳನ್ನು ವಿಂಗಡಿಸಿದ, ಸ್ಟೋಲಿಚ್ಕಾ ಪ್ರಾಣಿಗಳನ್ನು ಬಣ್ಣಿಸಿದ. ಇಂದಿಗೂ ಅಭ್ಯಾಸ ಅಲ್ಲಿಂದಲೇ ಶುರು. ನೆಲ ಬಹುಪಾಲು ಖಾಸಗಿಯದು ಅಥವಾ ಸಿಮೆಂಟ್ ಕಾರ್ಖಾನೆಗಳ ಗಣಿ ಗುತ್ತಿಗೆಯದು, ಆದ್ದರಿಂದ ಬರಹದಲ್ಲಿ ಒಪ್ಪಿಗೆ ಪಡೆದೇ ಕಾಲಿಡಿ. ಸಾತನೂರಿನ ಕಲ್ಲಾದ ಮರದಂಥ, ಭೂವೈಜ್ಞಾನಿಕ ಸರ್ವೇಕ್ಷಣೆ ಸ್ಮಾರಕವೆಂದು ಸಾರಿದ ಜಾಗಗಳಲ್ಲಿ ಚೂರನ್ನೂ ಎತ್ತಬಾರದು. ಗುಜರಾತಿನ ಕಚ್ಛ್ ಅದಕ್ಕೂ ಹಿಂದಿನ ಜುರಾಸಿಕ್ ಕಾಲದ ಅಮೊನೈಟ್‌ಗಳಿಗೆ ಪ್ರಸಿದ್ಧ, ನಮಗೆ ದೂರ.

ಕೊಳ್ಳುವುದಾದರೆ ಮಡಗಾಸ್ಕರಿನ ಸೀಳಿ ಪಾಲಿಶ್ ಮಾಡಿದ ಸಣ್ಣ ಅಮೊನೈಟ್ ಜೋಡಿ ಒಳ್ಳೆಯ ಆಯ್ಕೆ. ಕೋಣೆ ಕೋಣೆಯಾದ ಒಳರಚನೆ ಒಂದೇ ನೋಟಕ್ಕೆ ತಿಳಿಯುತ್ತದೆ, ನಕಲಿ ಕಡಿಮೆ. ಮೊರಾಕೊದ ಟ್ರೈಲೊಬೈಟ್ (ಅಳಿದುಹೋದ, ಸಂದುಕಾಲಿನ ಕಡಲ ಪ್ರಾಣಿ) ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಿರಿ. ರಾಳದಲ್ಲಿ ಎರಕ ಹೊಯ್ದು ಕಲ್ಲಿಗೆ ಅಂಟಿಸಿದವು ತುಂಬಾ ಓಡಾಡುತ್ತವೆ. ಭೂತಗನ್ನಡಿಯಲ್ಲಿ ಸೂಜಿಮೊನೆಯಷ್ಟು ಗುಂಡನೆಯ ಗಾಳಿಗುಳಿಗಳು ಕಂಡರೆ ಎರಕ. ಬಿಸಿ ಮಾಡಿದ ಸೂಜಿಯನ್ನು ಹಿಂಬದಿಗೆ ತಾಗಿಸಿದಾಗ ಮೆತ್ತಗಾಗಿ ಪ್ಲಾಸ್ಟಿಕ್ ವಾಸನೆ ಬಂದರೆ ರಾಳ. ಅಸಿಟೋನ್ ಅದ್ದಿದ ಹತ್ತಿಗೆ ಬಣ್ಣ ಹತ್ತಿದರೆ ಮೇಲೆ ಬಳಿದದ್ದು. ಮಾರುವವರು ಸಿಕ್ಕ ಊರಿನ ಹೆಸರು ಕೊಡದಿದ್ದರೆ ಅಗ್ಗವಾದರೂ ಬಿಡಿ. ಊರಿಲ್ಲದ ಪಳೆಯುಳಿಕೆಗಿಂತ ಊರು ಬರೆದ ಪ್ಲಾಸ್ಟರ್ ಎರಕ ಮಕ್ಕಳಿಗೆ ಹೆಚ್ಚು ಕಲಿಸುತ್ತದೆ.

ಪ್ರಶ್ನೆ: ಗುರಮಠಕಲ್ ಕಡೆ ಕಪ್ಪು ಕಲ್ಲಿನ ನಡುವಿನ ತೆಳು ಬಿಳಿ ಪದರಿನಲ್ಲಿ ಪುಟ್ಟ ಬಸವನಹುಳುಗಳಿವೆಯಂತೆ. ಅವನ್ನು ಕಡಲ ಕಪಾಟಿನಲ್ಲಿ ಇಡಬಹುದೇ?
– ಪದವಿ ವಿದ್ಯಾರ್ಥಿ, ಯಾದಗಿರಿ

ಉತ್ತರ: ಬೇಡ, ಅವಕ್ಕೆ ಬೇರೆ ಕಪಾಟು. ಆ ಕಪ್ಪು ಕಲ್ಲಾದ ದಖ್ಖನ್ ಲಾವಾ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಕಂತುಕಂತಾಗಿ ಹರಿಯಿತು. ಎರಡು ಹರಿವುಗಳ ನಡುವಿನ ಬಿಡುವಿನಲ್ಲಿ ಕೆರೆ ಕುಂಟೆಗಳು ನಿಂತವು. ಗುರಮಠಕಲ್ ಪದರು ಅಂಥದ್ದು, ಸಿಹಿನೀರಿನದು. ಅಲ್ಲಿಂದ ವರದಿಯಾದ ಆಸ್ಟ್ರಕಾಡ್‌ಗಳು (ಎರಡು ಚಿಪ್ಪಿನೊಳಗಿನ, ಸೀಗಡಿ ಬಳಗದ ಪುಟ್ಟ ಜೀವಿಗಳು) ಒಂದು ಮಿಲಿಮೀಟರಿನ ಆಸುಪಾಸಿನವು, ಸೂಕ್ಷ್ಮದರ್ಶಕ ಇಲ್ಲದೆ ತೋರಿಸಲಾಗದು. ಇಂಥ ಪದರುಗಳ ಪ್ರಸಿದ್ಧ ಬಸವನಹುಳು ಫೈಸಾ. ತುದಿ ಮೇಲೆ ಮಾಡಿ ಬಾಯಿ ನಿಮ್ಮ ಕಡೆ ತಿರುಗಿಸಿದರೆ ಬಾಯಿ ಎಡಕ್ಕೆ ಬರುತ್ತದೆ. ಹೆಚ್ಚಿನ ಕಡಲ ಶಂಖಗಳಲ್ಲಿ ಬಲಕ್ಕೆ. ಪದರು ತೆಳುವಾದದ್ದು, ಅಗೆದರೆ ಮುಗಿಯುತ್ತದೆ. ಕಳಚಿ ಬಿದ್ದ ಚೂರನ್ನಷ್ಟೇ ಎತ್ತಿ.

ಪ್ರಶ್ನೆ: ಅರಿಯಲೂರಿನ ಚಿಪ್ಪಿಗೆ ಅಂಟಿದ ಮಣ್ಣು ಬಿಡಿಸಲು ವಿನೆಗರಿನಲ್ಲಿ ನೆನೆಹಾಕಿದೆವು. ಮಣ್ಣು ಹೋಯಿತು, ಆದರೆ ಚಿಪ್ಪಿನ ಮೇಲಿನ ಗೆರೆಗಳೂ ಮಾಸಿದವು. ಸರಿಯಾದ ಕ್ರಮ ಯಾವುದು?
– ಶಿಕ್ಷಕ, ಬಸವಕಲ್ಯಾಣ

ಉತ್ತರ: ಚಿಪ್ಪೂ ಸುಣ್ಣ, ಸುತ್ತಲಿನ ಕಲ್ಲೂ ಸುಣ್ಣ. ವಿನೆಗರ್ ಎರಡನ್ನೂ ಒಂದೇ ಸಮ ತಿನ್ನುತ್ತದೆ. ಮನೆಯ ಪರಸಿ ನೆಲಕ್ಕೆ ನಿಂಬೆರಸ ಚೆಲ್ಲಿದಲ್ಲಿ ಹೊಳಪು ಹೋಗುವುದೂ ಇದರಿಂದಲೇ. ಸಂಗ್ರಹಾಲಯಗಳಲ್ಲಿ ಸುಣ್ಣದ ಕಲ್ಲಿನಿಂದ ಮೂಳೆ, ಹಲ್ಲು ಬಿಡಿಸಲು ತೆಳು ಅಸಿಟಿಕ್ ಆಮ್ಲ ಬಳಸುವುದುಂಟು. ಅವು ಫಾಸ್ಫೇಟ್ ಆದ್ದರಿಂದ ಉಳಿಯುತ್ತವೆ. ಚಿಪ್ಪಿಗೆ ಆ ದಾರಿಯಿಲ್ಲ.

ಮೊದಲು ಒಣ ಟೂತ್‌ಬ್ರಷ್ಷಿನಿಂದ ಉಜ್ಜಿ. ಆಮೇಲೆ ಅದೇ ಕಲ್ಲಿನ ಬೇಡದ ಚೂರೊಂದನ್ನು ನೀರಿಗೆ ಹಾಕಿ ಅರ್ಧ ಗಂಟೆ ನೋಡಿ. ಕರಗಿ ಕೆಸರಾದರೆ ಮಾದರಿಗೆ ನೀರು ಮುಟ್ಟಿಸಬೇಡಿ. ಗಟ್ಟಿಯಾಗಿ ನಿಂತರೆ ಒಂದು ಗಂಟೆ ನೆನೆಸಿ, ಬಿದಿರಿನ ಕಡ್ಡಿಯಿಂದ ಚಿಪ್ಪಿನ ಗೆರೆಯ ಗುಂಟ ಕೆರೆಯಿರಿ. ಗೆರೆಗೆ ಅಡ್ಡ ಕೆರೆದರೆ ಪಕಳೆ ಏಳುತ್ತದೆ. ಒಣಗಿಸುವುದು ನೆರಳಿನಲ್ಲಿ. ನಮ್ಮ ಏಪ್ರಿಲ್ ಬಿಸಿಲಿಗಿಟ್ಟರೆ ಮೈ ಬೇಗ ಒಣಗಿ ಒಳಗೆ ತೇವ ಉಳಿದು ಬಿರುಕು ಬಿಡುತ್ತದೆ.

ಪುಡಿಯಾಗುವ ಮಾದರಿಗೆ ಪ್ಯಾರಾಲಾಯ್ಡ್ ಬಿ–72 ಎಂಬ ಅಕ್ರಿಲಿಕ್ ರಾಳದ ಹರಳು 5 ಗ್ರಾಂ, ಅಸಿಟೋನ್ 100 ಮಿ.ಲೀ. ಗಾಜಿನ ಬಾಟಲಿಯಲ್ಲಿ ಕರಗಿಸಿ ಬ್ರಷ್ಷಿನಲ್ಲಿ ಎರಡು ಕೈ ಕೊಡಿ. ಅಸಿಟೋನ್ ಬೆಂಕಿ ಹತ್ತುವಂಥದ್ದು, ಆದ್ದರಿಂದ ಕೆಲಸ ಬಯಲಿನಲ್ಲಿ, ದೊಡ್ಡವರಿಂದಲೇ ಆಗಲಿ. ಹೊಂದದಿದ್ದರೆ ಅಸಿಟೋನಿನಲ್ಲೇ ತೆಗೆಯಬಹುದೆಂಬುದೇ ಇದರ ಗುಣ. ಫೆವಿಕ್ವಿಕ್ ಅಂಟಿಸಿದ ಜೋಡಣೆ ಬಿರುಸಾಗಿ ಮತ್ತೆ ಒಡೆಯುತ್ತದೆ, ಬಿಡಿಸುವುದು ಕಷ್ಟ. ವಾರ್ನಿಷ್ ಹಚ್ಚುವುದಂತೂ ಕೆಟ್ಟ ಚಾಳಿ. ಗೆರೆ ಮುಚ್ಚುತ್ತದೆ, ವರ್ಷ ಕಳೆದರೆ ಹಳದಿಯಾಗುತ್ತದೆ.

ಪ್ರಶ್ನೆ: ಕೊಂಡು ತಂದ ಚಿನ್ನದ ಬಣ್ಣದ ಅಮೊನೈಟ್ ಮಳೆಗಾಲ ಮುಗಿಯುವಷ್ಟರಲ್ಲಿ ಬೂದು ಪುಡಿ ಉದುರಿಸುತ್ತಿದೆ. ಕೆಳಗಿಟ್ಟ ಚೀಟಿ ಕಂದು ಬಣ್ಣಕ್ಕೆ ತಿರುಗಿ ತೂತಾಗಿದೆ. ಬೂಸ್ಟೇ?
– ಪಾಲಕರು, ಬೀದರ್

ಉತ್ತರ: ಬೂಸ್ಟಲ್ಲ. ಚಿನ್ನದ ಬಣ್ಣ ಪೈರೈಟಿನದು, ಅಂದರೆ ಕಬ್ಬಿಣದ ಸಲ್ಫೈಡ್. ತೇವದ ಗಾಳಿ ತಾಗಿ ಅದು ಕಬ್ಬಿಣದ ಸಲ್ಫೇಟ್ ಮತ್ತು ಗಂಧಕಾಮ್ಲವಾಗುತ್ತಿದೆ. ಚೀಟಿ ಸುಟ್ಟದ್ದು ಆ ಆಮ್ಲಕ್ಕೆ. ಹೊಸ ಉಪ್ಪಿಗೆ ಹೆಚ್ಚು ಜಾಗ ಬೇಕಾದ್ದರಿಂದ ಕಲ್ಲು ಒಳಗಿನಿಂದ ಸೀಳುತ್ತದೆ. ಇತರ ಮಾದರಿಗಳಿಂದ ಇವತ್ತೇ ದೂರ ಇಡಿ. ನೀರಿನಲ್ಲಿ ತೊಳೆಯಬೇಡಿ. ಕೈಗವಸು ಹಾಕಿ ಒಣ ಬ್ರಷ್ಷಿನಿಂದ ಪುಡಿ ತೆಗೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಲೀಟರಿಗೆ 20–25 ಗ್ರಾಂ ಸಿಲಿಕಾ ಜೆಲ್ ಜೊತೆ ಇಡಿ. ಕಿತ್ತಳೆ ಬಣ್ಣದ ಜೆಲ್ ತೇವ ಕುಡಿದರೆ ಹಸಿರಾಗುತ್ತದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಲವಣ ಇರುವುದರಿಂದ ಶಾಲೆಗೆ ಬೇಡ. ಉದುರಿಹೋದದ್ದು ಮರಳಿ ಬಾರದು, ಉಳಿದದ್ದನ್ನು ಕಾಯಬಹುದು ಅಷ್ಟೆ.

ಪ್ರಶ್ನೆ: ತರಗತಿಯಲ್ಲಿ 40 ಮಕ್ಕಳು. ಪ್ರತಿಯೊಬ್ಬರೂ ಒಂದೊಂದು ಪಳೆಯುಳಿಕೆಯ ನಕಲು ಮಾಡಿ ಮನೆಗೊಯ್ಯಬೇಕು. ಹೋದ ವರ್ಷ ಪ್ಲಾಸ್ಟರ್ ಬಕೆಟ್ಟಿನಲ್ಲೇ ಗಟ್ಟಿಯಾಯಿತು, ಆದವೂ ತೂತುತೂತು. ಅಳತೆ ಸಮೇತ ತಿಳಿಸಿ.
– ಹಿರಿಯ ಪ್ರಾಥಮಿಕ ಶಾಲೆ, ಸೇಡಂ ತಾಲ್ಲೂಕು

ಉತ್ತರ: ನಲವತ್ತು ಜನರದನ್ನು ಒಂದೇ ಬಕೆಟ್ಟಿನಲ್ಲಿ ಕಲಸಿದ್ದೇ ಕೆಟ್ಟದ್ದು. ಕಲಸಿದ ಎಂಟು ಹತ್ತು ನಿಮಿಷಕ್ಕೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹರಿಯುವುದನ್ನು ಬಿಡುತ್ತದೆ. ಅಷ್ಟರಲ್ಲಿ ಹತ್ತು ಅಚ್ಚು ತುಂಬಿಸಬಹುದು, ನಲವತ್ತಲ್ಲ.

ಅಚ್ಚಿಗೆ ಕುಂಬಾರರ ಮಣ್ಣು ತಲೆಗೆ 150 ಗ್ರಾಂ, ಒಟ್ಟು 6 ಕಿಲೊ. ಹಿಂದಿನ ರಾತ್ರಿ ನಾದಿ, ಕಲ್ಲು ಆರಿಸಿ, ಹಸಿ ಬಟ್ಟೆ ಸುತ್ತಿಡಿ. ನಿಜವಾದ ಪಳೆಯುಳಿಕೆಯನ್ನು ಹಸಿ ಮಣ್ಣಿಗೆ ಒತ್ತಬೇಡಿ, ಬಿರುಕಿಗೆ ಮಣ್ಣು ಸೇರುತ್ತದೆ. ಕಾರವಾರ, ಗೋಕರ್ಣದ ಕಡೆ ದಂಡೆಯಲ್ಲಿ ಬಿದ್ದಿರುವ ಸಾಮಾನ್ಯ ಕಪ್ಪೆಚಿಪ್ಪು ಸಾಕು. ಹವಳದ ತುಂಡು ತರಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳಕ್ಕೆ ರಕ್ಷಣೆಯಿದೆ, ಕೆಲವು ದೊಡ್ಡ ಶಂಖ, ಕವಡೆಗಳಿಗೂ ಇದೆ.

ಕಾಗದದ ಲೋಟದ ತಳಕ್ಕೆ ಎರಡು ಸೆಂಟಿಮೀಟರ್ ಮಣ್ಣು ತುಂಬಿ ಮಟ್ಟ ಮಾಡಿ. ಚಿಪ್ಪಿಗೆ ಬೆರಳಿನಲ್ಲಿ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ. ಜಾಸ್ತಿಯಾದರೆ ಎಣ್ಣೆಯೇ ಗೆರೆ ತುಂಬುತ್ತದೆ. ನೇರ ಕೆಳಗೆ ಒತ್ತಿ, ಅರ್ಧದಷ್ಟೇ. ಚಿಪ್ಪಿನ ಅತಿ ಅಗಲದ ಭಾಗ ಮಣ್ಣಿನೊಳಗೆ ಹೋದರೆ ಎತ್ತುವಾಗ ಅಂಚು ಕಿತ್ತುಬರುತ್ತದೆ. ಅಲುಗಾಡಿಸದೆ ಎತ್ತಿ.

ಹತ್ತು ಮಕ್ಕಳಿಗೆ ನೀರು 260 ಮಿ.ಲೀ., ಪಿಒಪಿ 400 ಗ್ರಾಂ, ತಲೆಗೆ ಸುಮಾರು 40 ಮಿ.ಲೀ. ಬರುತ್ತದೆ. ನಾಲ್ಕು ಸರದಿಗೆ 1.6 ಕಿಲೊ ಬೇಕು, ಚೆಲ್ಲುವುದೂ ಸೇರಿ 2 ಕಿಲೊ ತರಿಸಿ. ಮೊದಲು ನೀರು, ಅದರ ಮೇಲೆ ಪುಡಿಯನ್ನು ಉದುರಿಸುತ್ತ ಹೋಗಿ. ತಿರುಗುಮುರುಗು ಮಾಡಿದರೆ ತಳದಲ್ಲಿ ಒಣ ಗಂಟು ಉಳಿಯುತ್ತದೆ. ಒಂದು ನಿಮಿಷ ಹಾಗೇ ನೆನೆಯಲಿ, ಆಮೇಲೆ ಒಂದು ನಿಮಿಷ ಮೆಲ್ಲಗೆ ಕಲಕಿ. ದೋಸೆ ಹಿಟ್ಟಿನ ಹದ ಬರಬೇಕು. ನಿಮ್ಮ ತೂತುಗಳಿಗೆ ಕಾರಣ ಜೋರಾಗಿ ಕಡೆದದ್ದು, ಗಾಳಿ ಸೇರಿದೆ. ಲೋಟದ ಒಂದು ಬದಿಯಿಂದ ಇಳಿಬಿಡಿ, ತುಂಬಿದ ಮೇಲೆ ಮೇಜನ್ನು ಹತ್ತಾರು ಬಾರಿ ಮೆತ್ತಗೆ ತಟ್ಟಿ, ಗುಳ್ಳೆ ಮೇಲೇಳುತ್ತದೆ.

ಬಿಸಿನೀರು, ಹೆಚ್ಚು ಕಲಕುವುದು, ಉಪ್ಪಿನಂಶದ ಬೋರ್‌ವೆಲ್ ನೀರು ಇವೆಲ್ಲ ಬೇಗ ಗಟ್ಟಿಯಾಗಿಸುತ್ತವೆ. ಹಿಂದಿನ ಸರದಿಯ ಗಟ್ಟಿ ಚೂರು ಪಾತ್ರೆಯಲ್ಲಿ ಉಳಿದರೂ ಅದೇ ಕತೆ, ಪ್ರತಿ ಸಲ ಪಾತ್ರೆ ಒರೆಸಿ. ತೆರೆದಿಟ್ಟ ಹಳೆಯ ಪಿಒಪಿ ತೇವ ಹೀರಿ ಸತ್ತಿರುತ್ತದೆ, ಗಟ್ಟಿಯಾಗುವುದೇ ಇಲ್ಲ. ಹಿಂದಿನ ದಿನ ಒಂದು ಚಮಚ ಕಲಸಿ ಪರೀಕ್ಷಿಸಿ.

ಮುಕ್ಕಾಲು ಗಂಟೆ ಬಿಟ್ಟು ಲೋಟ ಹರಿದು ಬಿಡಿಸಿ. ಮಣ್ಣನ್ನು ಮಾರನೆಯ ದಿನ ಮೆತ್ತನೆಯ ಬ್ರಷ್ಷಿನಲ್ಲಿ ತೊಳೆಯಿರಿ. ಬಣ್ಣ ಎರಡು ದಿನ ನೆರಳಲ್ಲಿ ಒಣಗಿದ ಮೇಲೆ. ಮಣ್ಣಿನಲ್ಲಿ ಉಳಿದ ಗುಂಡಿ ಅಚ್ಚು, ಪ್ಲಾಸ್ಟರಿನದು ಎರಕ. ಕಡಲ ತಳದ ಕೆಸರಿನಲ್ಲೂ ಚಿಪ್ಪು ಕರಗಿಹೋಗಿ ಇವೆರಡೇ ಉಳಿಯುವುದುಂಟು ಎಂದು ಆ ಮುಕ್ಕಾಲು ಗಂಟೆಯಲ್ಲಿ ಹೇಳಿ. ಹಿಂಬದಿಗೆ "ಎರಕ" ಎಂದು ಬರೆಸುವುದನ್ನು ಮರೆಯಬೇಡಿ.

ಎಚ್ಚರ: ಗಟ್ಟಿಯಾಗುವಾಗ ಪಿಒಪಿ ಕಾಯುತ್ತದೆ, ದಪ್ಪ ಗಡ್ಡೆಯಾದರೆ ಚರ್ಮ ಸುಡುವಷ್ಟು. ಮಕ್ಕಳು ಕೈಯ ಅಚ್ಚು ತೆಗೆಯುತ್ತೇವೆಂದು ಕೈ ಅದ್ದಲು ಬಿಡಬೇಡಿ. ಉಳಿದದ್ದನ್ನು ಮೋರಿಗೆ ಸುರಿದರೆ ಪೈಪು ಕಟ್ಟುತ್ತದೆ, ಹಳೆ ಪೇಪರಿಗೆ ಸುರಿದು ಕಸಕ್ಕೆ ಹಾಕಿ.

ಪ್ರಶ್ನೆ: ಕೋಟಿ ವರ್ಷಗಳ ಲೆಕ್ಕ ಮಕ್ಕಳ ತಲೆಗೆ ಹೋಗುವುದಿಲ್ಲ. ಸುಲಭ ಉಪಾಯ?
– ಸುರಪುರ

ಉತ್ತರ: 46 ಮೀಟರ್ ಹಗ್ಗ. ಒಂದು ಮೀಟರಿಗೆ 10 ಕೋಟಿ ವರ್ಷ, ಒಂದು ಸೆಂಟಿಮೀಟರಿಗೆ 10 ಲಕ್ಷ. ಆ ತುದಿ ಭೂಮಿಯ ಹುಟ್ಟು, ಈ ತುದಿ ಇವತ್ತು. ಈ ತುದಿಯಿಂದ ಅಳೆದು ಬಟ್ಟೆಯ ಪಟ್ಟಿ ಕಟ್ಟಿಸಿ. ಮೂರು ಮಿಲಿಮೀಟರಿನಲ್ಲಿ ನಮ್ಮಂಥ ಮನುಷ್ಯರು. ಸುಮಾರು 1.2 ಸೆಂಟಿಮೀಟರಿನಲ್ಲಿ ನಿಮ್ಮ ಪಕ್ಕದ ಇಸಾಂಪುರದಲ್ಲಿ ಕಲ್ಲು ಕೆತ್ತಿ ಆಯುಧ ಮಾಡುತ್ತಿದ್ದವರು. 66 ಸೆಂಟಿಮೀಟರಿಗೆ ದಖ್ಖನ್ ಲಾವಾ, ಅಮೊನೈಟ್‌ಗಳ ಕೊನೆಯೂ ಅಲ್ಲೇ. ಅಲ್ಲಿಂದ 1.1 ಮೀಟರಿನವರೆಗೆ ಅರಿಯಲೂರಿನ ಕಡಲು. 2.5ರಿಂದ 5.2 ಮೀಟರ್ ಟ್ರೈಲೊಬೈಟ್‌ಗಳದು. 5.4 ದಾಟಿದ ಮೇಲೆ ಶಹಾಬಾದ್ ಪರಸಿ. ಯಾದಗಿರಿ, ಸುರಪುರದ ಬೆಟ್ಟಗಳ ಗ್ರಾನೈಟ್ ಸುಮಾರು 25 ಮೀಟರಿನಲ್ಲಿ. ಜೀವದ ಹಳೆಯ ಗುರುತುಗಳಾದ, ಸೂಕ್ಷ್ಮಜೀವಿಗಳು ಪದರುಪದರಾಗಿ ಕಟ್ಟಿದ ಸ್ಟ್ರೊಮಾಟೊಲೈಟ್‌ಗಳು 35ರ ಹತ್ತಿರ. ನೈಲಾನ್ ಹಗ್ಗ ಹಿಗ್ಗುತ್ತದೆ, ಗುರುತು ತಪ್ಪುತ್ತದೆ. ಹತ್ತಿಯ ಹಗ್ಗ ತೆಗೆದುಕೊಳ್ಳಿ. ಅಂಗಳ ಚಿಕ್ಕದಾದರೆ ಎಲ್ಲ ಅಳತೆಯನ್ನೂ ಅರ್ಧ ಮಾಡಿ.

ಪ್ರಶ್ನೆ: ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮವೂ ಕಡಲ ಪಳೆಯುಳಿಕೆ ಎನ್ನುತ್ತಾರೆ. ನಿಜವೇ? ಮಕ್ಕಳಿಗೆ ತೋರಿಸಬಹುದೇ?
– ಗೃಹಿಣಿ, ಕಲಬುರಗಿ

ಉತ್ತರ: ನಿಜ. ನೇಪಾಳದ ಕಾಲಿಗಂಡಕಿಯಲ್ಲಿ ಸಿಗುವ ಚಕ್ರವಿರುವ ಸಾಲಿಗ್ರಾಮಗಳು ಜುರಾಸಿಕ್ ಕಡಲಿನ ಕಪ್ಪು ಜೇಡಿಪದರಿನ ಗಟ್ಟಿ ಉಂಡೆಗಳು, ಚಕ್ರ ಅಮೊನೈಟಿನ ಸುರುಳಿ. ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಸಮುದ್ರವಿತ್ತು. ಪೂಜೆಯಲ್ಲಿರುವುದನ್ನು ಶಾಲೆಗೆ ತರಿಸುವುದು, ಕೆರೆದು ನೋಡುವುದು ಬೇಡ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಫೋಟೊ ಸಾಕು, ಒಳಗಿನ ಕೋಣೆಗಳನ್ನು ಸೀಳಿದ ಅಮೊನೈಟಿನಲ್ಲಿ ತೋರಿಸಿ.

ಪ್ರಶ್ನೆ: ಸರ, ನಮ್ಮ ಸಾಲಿ ಹುಡುಗರು ಹೊಲದಾಗಿಂದ ದುಂಡನ ಕಲ್ಲು ತಂದಾರ. ಡೈನೋಸಾರ್ ತತ್ತಿ ಅಂತಾರ. ಒಂದು ಒಡದ್ರ ಒಳಗ ಮಿಣಮಿಣ ಹರಳು ಅವ. ತತ್ತಿ ಖರೇನಾ?
– ಹುಮನಾಬಾದ್

ಉತ್ತರ: ತತ್ತಿಯಲ್ಲ. ಲಾವಾದಲ್ಲಿ ಉಳಿದ ಗಾಳಿಗುಳ್ಳೆಗೆ ಸಿಲಿಕಾ ಕರಗಿದ ನೀರು ಇಳಿದು ಬೆಳೆದ ಹರಳುಗಳು. ಒಡೆದ ಎರಡು ಹೋಳನ್ನೂ ಇಟ್ಟುಕೊಳ್ಳಿ, ಪಾಠಕ್ಕೆ ಒಳ್ಳೆಯದು. ಹುಣಸಗಿ ಸುತ್ತಲಿನವರಿಗೆ ಬೇರೆ ಮಾತು: ಎರಡೂ ಬದಿ ಚಕ್ಕೆ ಎಬ್ಬಿಸಿದ ಚೂಪು ಕಲ್ಲು ಸಿಕ್ಕರೆ ಅದು ಪಳೆಯುಳಿಕೆಯಲ್ಲ, ಆದಿಮಾನವರ ಉಪಕರಣ. ಎತ್ತದೆ, ಬಿದ್ದಲ್ಲೇ ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ.

ಪ್ರಶ್ನೆ: ನಮ್ಮ ಸಂಗ್ರಹವನ್ನು ಪೆಟ್ಟಿಗೆಯಲ್ಲಿ ಶಾಲೆಯಿಂದ ಶಾಲೆಗೆ ಕಳಿಸಬೇಕೆಂದಿದ್ದೇವೆ. ಏನೇನು ಎಚ್ಚರ?
– ಶಿಕ್ಷಕರ ಬಳಗ, ಆಳಂದ

ಉತ್ತರ: ಹನ್ನೆರಡು ಮಾದರಿಗಿಂತ ಹೆಚ್ಚು ಬೇಡ, ಒಂದು ಪಿರಿಯಡ್ಡಿನಲ್ಲಿ ಅಷ್ಟೇ ನೋಡಲಾಗುವುದು. ಪ್ರತಿ ಮಾದರಿಯ ಕಾಣದ ಬದಿಗೆ ಬಿ–72 ಒಂದು ಚುಕ್ಕೆ ಹಚ್ಚಿ, ಒಣಗಿದ ಮೇಲೆ ಇಂಡಿಯನ್ ಇಂಕಿನಲ್ಲಿ "ಅರಿ–07" ಎಂದು ಸಂಖ್ಯೆ ಬರೆದು, ಮೇಲೆ ಇನ್ನೊಂದು ಚುಕ್ಕೆ. ಅಂಟಿಸಿದ ಚೀಟಿ ಮೊದಲ ಶಾಲೆಯಲ್ಲೇ ಕಿತ್ತುಹೋಗುತ್ತದೆ. ಅದೇ ಸಂಖ್ಯೆಗೆ ದಫ್ತರಿನಲ್ಲಿ ಸಿಕ್ಕ ಊರು, ಪದರು, ತಾರೀಖು, ಕೊಂಡದ್ದೋ ಆರಿಸಿದ್ದೋ ಎಂಬುದು ಇರಲಿ, ದಫ್ತರಿನ ಒಂದು ಪ್ರತಿ ನಿಮ್ಮಲ್ಲೇ ಉಳಿಯಲಿ. ಐದು ಸೆಂಟಿಮೀಟರ್ ದಪ್ಪದ ಫೋಮ್ ಹಾಳೆಯಲ್ಲಿ ಮಾದರಿಯ ಆಕಾರಕ್ಕೇ ಗುಂಡಿ ಕತ್ತರಿಸಿ, ಗುಂಡಿಯ ತಳದಲ್ಲೂ ಸಂಖ್ಯೆ ಬರೆಯಿರಿ. ಮುಚ್ಚುವ ಮೊದಲು ಖಾಲಿ ಗುಂಡಿ ಕಣ್ಣಿಗೆ ಬೀಳುತ್ತದೆ. ಹತ್ತಿಯಲ್ಲಿ ಸುತ್ತಬೇಡಿ, ಎಳೆ ಚಿಪ್ಪಿನ ಅಂಚಿಗೆ ಸಿಕ್ಕಿ ಮುರಿಯುತ್ತದೆ.

ನಾಲ್ಕೈದು ಮಕ್ಕಳ ಗುಂಪಿಗೆ ಒಮ್ಮೆಗೆ ಒಂದೇ ಮಾದರಿ. ಹೆಚ್ಚಿನ ಶಾಲೆಗಳ ನೆಲ ಪರಸಿಯದು, ಕೈಜಾರಿದ ಅಮೊನೈಟ್ ಅದರ ಮೇಲೆ ಉಳಿಯುವುದಿಲ್ಲ. ಆದ್ದರಿಂದ ಮಡಿಸಿದ ಜಮಖಾನದ ಮೇಲೆ ಕೂರಿಸಿ ಕೊಡಿ. ಮುರಿದರೆ ಚೂರುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಸಂಖ್ಯೆ ಬರೆದು ಹಾಗೇ ವಾಪಸು ಕಳಿಸಲಿ, ಶಾಲೆಯವರು ತಾವೇ ಅಂಟಿಸಲು ಹೋಗಬಾರದು ಎಂದು ಮುಚ್ಚಳದ ಒಳಬದಿಗೆ ದಪ್ಪಕ್ಷರದಲ್ಲಿ ಬರೆಯಿರಿ.